ಎಲ್ಲರಿಗೂ ಒಂದೇ ನಿಯಮ, ಪೆಟ್ಟು ಮಾತ್ರ ಬೇರೆ ಬೇರೆ

2020ರ ಡಿಸೆಂಬರ್ 13ರಂದು ಅಬುಧಾಬಿಯ ಯಾಸ್ ಮರೀನಾ ಸರ್ಕ್ಯೂಟ್‌ನಲ್ಲಿ ಆ ವರ್ಷದ ಕೊನೆಯ ಫಾರ್ಮುಲಾ ವನ್ ರೇಸ್ ನಡೆಯಿತು. ಚಾಂಪಿಯನ್ ಯಾರೆಂಬುದು ಅಷ್ಟರಲ್ಲಿ ತೀರ್ಮಾನವಾಗಿತ್ತು, ಪೈಪೋಟಿ ಉಳಿದಿದ್ದು ತಂಡಗಳ ಪಟ್ಟಿಯ ಮೂರನೇ ಸ್ಥಾನಕ್ಕೆ. ರೇಸಿಗೆ ಮುಂಚೆ ರೇಸಿಂಗ್ ಪಾಯಿಂಟ್ ತಂಡದ ಬಳಿ 194 ಅಂಕ, ಮೆಕ್ಲಾರೆನ್ ಬಳಿ 184. ಹಿಂದಿನ ಭಾನುವಾರವಷ್ಟೇ ಬಹ್ರೇನಿನಲ್ಲಿ ಗೆದ್ದು ಬಂದಿದ್ದ ಸೆರ್ಜಿಯೊ ಪೆರೆಜ್ ಕಾರು ಕೈಕೊಟ್ಟು ಹೊರಬಿದ್ದರು. ರೇಸಿಂಗ್ ಪಾಯಿಂಟಿನ ಇನ್ನೊಬ್ಬ ಚಾಲಕ ಲ್ಯಾನ್ಸ್ ಸ್ಟ್ರೋಲ್ ಹತ್ತನೆಯವರಾಗಿ ಒಂದೇ ಒಂದು ಅಂಕ ತಂದರು. ಮೆಕ್ಲಾರೆನ್ನಿನ ಇಬ್ಬರು ಐದು ಮತ್ತು ಆರನೇ ಸ್ಥಾನ ಹಿಡಿದರು. ಕೊನೆಯ ಲೆಕ್ಕ 202ಕ್ಕೆ 195. ಏಳು ಅಂಕಗಳಲ್ಲಿ ರೇಸಿಂಗ್ ಪಾಯಿಂಟಿಗೆ ಮೂರನೇ ಸ್ಥಾನ ಕೈತಪ್ಪಿತು. ಬಹುಮಾನದ ಹಣ ಸ್ಥಾನದ ಮೇಲೆ ಹಂಚಿಕೆಯಾಗುವುದರಿಂದ ಅದರ ಜೊತೆಗೆ ಕೋಟಿಗಟ್ಟಲೆ ರೂಪಾಯಿಯೂ ಹೋಯಿತು.

ರೇಸಿಂಗ್ ಪಾಯಿಂಟ್ ಕಳೆದುಕೊಂಡಿದ್ದ ಇನ್ನೂ 15 ಅಂಕಗಳ ಕಥೆ ಬೇರೆ. ಅವು ಹೋದದ್ದು ಆಗಸ್ಟಿನಲ್ಲಿ, ವಿಚಾರಣೆಯ ಕೋಣೆಯಲ್ಲಿ. ವಿಷಯ ಬ್ರೇಕ್ ಡಕ್ಟ್. ಚಕ್ರದ ಒಳಮಗ್ಗುಲಲ್ಲಿ ಕೂರುವ, ಹೊರಗಿನ ಗಾಳಿಯನ್ನು ಬ್ರೇಕಿನ ಮೇಲೆ ಹಾಯಿಸುವ ಒಂದು ಕಾರ್ಬನ್ ಕೊಳವೆ ಅದು. ಬ್ರೇಕ್ ತಂಪಾಗಿಸುವುದು ಅದರ ಮುಖ್ಯ ಕೆಲಸ, ಚಕ್ರದ ಸುತ್ತ ಸುಳಿಯುವ ಗಾಳಿಯನ್ನು ತಿದ್ದಿ ಕಾರನ್ನು ನೆಲಕ್ಕೆ ಒತ್ತಲು ನೆರವಾಗುವುದು ಅದರ ಗುಟ್ಟಿನ ಕೆಲಸ. 2019ರವರೆಗೆ ಇದನ್ನು ಬೇರೆ ತಂಡದಿಂದ ಪಡೆಯಬಹುದಿತ್ತು. 2020ರಿಂದ ಪ್ರತಿ ತಂಡವೂ ತಾನೇ ವಿನ್ಯಾಸ ಮಾಡಬೇಕಾದ ಭಾಗಗಳ ಪಟ್ಟಿಗೆ ಅದು ಸೇರಿತು. ರೇಸಿಂಗ್ ಪಾಯಿಂಟಿನ ಹಿಂಬದಿ ಡಕ್ಟುಗಳು ಮರ್ಸಿಡಿಸ್ ವಿನ್ಯಾಸದವು ಎಂದು ರೆನೋ ತಂಡ ದೂರು ಕೊಟ್ಟಿತು, ತೀರ್ಪು ಅದರ ಕಡೆಗೇ ಬಂತು. 15 ಅಂಕ ಕಡಿತ, ನಾಲ್ಕು ಲಕ್ಷ ಯೂರೊ ದಂಡ. ತಮಾಷೆಯೆಂದರೆ ಅದೇ ಡಕ್ಟುಗಳನ್ನು ಹಾಕಿಕೊಂಡೇ ತಂಡ ಉಳಿದ ರೇಸುಗಳನ್ನು ಓಡಿತು. ಭಾಗದ ಅಳತೆಯಲ್ಲಿ ತಪ್ಪಿರಲಿಲ್ಲ, ಅದು ಹುಟ್ಟಿದ ರೀತಿಯಲ್ಲಿ ತಪ್ಪಿತ್ತು.

ಈ ತಂಡದ ಹಣೆಬರಹ ಕನ್ನಡಿಗರಿಗೆ ಒಂದು ಕಾಲಕ್ಕೆ ಮನೆಯ ಸುದ್ದಿಯಾಗಿತ್ತು. ಇಂಗ್ಲೆಂಡಿನ ಸಿಲ್ವರ್‌ಸ್ಟೋನಿನಲ್ಲಿರುವ ಅದರ ಕಾರ್ಖಾನೆ ಜೋರ್ಡನ್ ಎಂಬ ಹೆಸರಿನಲ್ಲಿ ಶುರುವಾಗಿ, ಮಿಡ್‌ಲ್ಯಾಂಡ್, ಸ್ಪೈಕರ್ ಎಂದು ಕೈಬದಲಾಗಿ, 2007ರಲ್ಲಿ ಬೆಂಗಳೂರಿನ ಯುಬಿ ಸಮೂಹದ ವಿಜಯ್ ಮಲ್ಯ ಪಾಲಾಯಿತು. 2008ರಿಂದ ಅದು ಫೋರ್ಸ್ ಇಂಡಿಯಾ. ಕಾರಿನ ಮೇಲೆ ಕಿಂಗ್‌ಫಿಷರ್ ಹಕ್ಕಿ.  2018ರ ಜುಲೈಯಲ್ಲಿ ತಂಡ ದಿವಾಳಿ ಪ್ರಕ್ರಿಯೆಗೆ ಹೋಯಿತು, ಕೆನಡಾದ ಲಾರೆನ್ಸ್ ಸ್ಟ್ರೋಲ್ ಗುಂಪು ಕೊಂಡುಕೊಂಡಿತು, ರೇಸಿಂಗ್ ಪಾಯಿಂಟ್ ಆಯಿತು, 2021ರಿಂದ ಆಸ್ಟನ್ ಮಾರ್ಟಿನ್. ಮಾಲೀಕರು ಬಂದರು, ಹೋದರು. ಕಾರ್ಖಾನೆ ಮಾತ್ರ ಅದೇ ಊರಿನಲ್ಲಿ ನಿಂತು ಒಂದರ ಹಿಂದೊಂದು ನಿಯಮ ಪುಸ್ತಕಗಳ ಏಟು ತಿಂದಿದೆ, ಲಾಭವನ್ನೂ ಉಂಡಿದೆ. ತಾಂತ್ರಿಕ ನಿಯಮಗಳು ತಂಡದ ಏಳುಬೀಳನ್ನು ಹೇಗೆ ನಿರ್ಧರಿಸುತ್ತವೆ ಎಂದು ನೋಡಲು ಇದಕ್ಕಿಂತ ಒಳ್ಳೆಯ ಕಿಟಕಿ ಸಿಗಲಾರದು.

ನಾನಿರುವುದು ದುಬೈನ ದೇರಾ ಭಾಗದ ಅಲ್ ಮುರಕ್ಕಬಾತಿನಲ್ಲಿ. ಯಾಸ್ ದ್ವೀಪ ಇಲ್ಲಿಂದ ನೂರು ಕಿಲೋಮೀಟರ್ ದಾಟಿದ ದಾರಿ. ಟಿಕೆಟಿನ ಬೆಲೆ ನೋಡಿದರೆ ನಮ್ಮಲ್ಲಿ ಹೆಚ್ಚಿನವರಿಗೆ ಇನ್ನೂ ದೂರ. 2021ರ ಕೊನೆಯವರೆಗೆ ಭಾನುವಾರ ಇಲ್ಲಿ ಕೆಲಸದ ದಿನವೂ ಆಗಿತ್ತು, 2022ರ ಜನವರಿಯಿಂದಷ್ಟೇ ಸರ್ಕಾರ ಶನಿವಾರ, ಭಾನುವಾರ ರಜೆ ಮಾಡಿತು. ಆದರೂ ರೇಸಿನ ವಾರ ಕೆಫೆಟೇರಿಯಾದ ಕರಕ್ ಚಹಾದ ಮುಂದೆ ಚರ್ಚೆ ಇದ್ದೇ ಇರುತ್ತದೆ. ಕರಾವಳಿಯ ಗೆಳೆಯರು ಕೊನೆಗೆ ಹೇಳುವುದು ಒಂದೇ ಮಾತು: "ದುಡ್ಡಿದ್ದವರ ಆಟ ಮಾರಾಯ್ರೆ, ನಿಯಮ ಗಿಯಮ ಎಲ್ಲ ಸುಮ್ನೆ." ಈ ಮಾತಿನಲ್ಲಿ ಅರ್ಧ ನಿಜವಿದೆ. ನಿಯಮ ಎಲ್ಲರಿಗೂ ಒಂದೇ ಅಕ್ಷರದಲ್ಲಿ ಬರೆದಿರುತ್ತದೆ. ಅದು ಯಾರನ್ನು ಎತ್ತುತ್ತದೆ, ಯಾರನ್ನು ಬೀಳಿಸುತ್ತದೆ ಎನ್ನುವುದು ಮಾತ್ರ, ಅದು ಬಂದ ಹೊತ್ತಿನಲ್ಲಿ ಯಾರ ಕೈಯಲ್ಲಿ ಎಷ್ಟು ಸಮಯ, ಎಷ್ಟು ಹಣ ಇತ್ತು ಎನ್ನುವುದರ ಮೇಲೆ ನಿಂತಿರುತ್ತದೆ. ಹಾಗಾಗಿ ರೆಕ್ಕೆಯ ಅಗಲ, ತಳದ ಎತ್ತರ ಹೇಳುವ ಕಲಮುಗಳಿಗಿಂತ ಸಮಯವನ್ನೂ ಹಣವನ್ನೂ ಅಳೆದು ಕೊಡುವ ಕಲಮುಗಳೇ ಆಟವನ್ನು ಹೆಚ್ಚು ಬದಲಿಸುತ್ತವೆ ಎಂಬುದು ನನ್ನ ವಾದ. ದುಡ್ಡಿದ್ದವರ ಆಟವೇ ಹೌದು. ಆದರೆ ದುಡ್ಡಿಗೆ ಎಷ್ಟು ಬೆಲೆ ಎಂದು ತೀರ್ಮಾನಿಸುವುದೂ ಒಂದು ನಿಯಮವೇ.

2009ನ್ನು ನೋಡಿ. ಆ ವರ್ಷ ಕಾರಿನ ಆಕಾರವನ್ನೇ ತಿರುಗಿಸಿ ಬರೆಯಲಾಯಿತು. ಮುಂದಿನ ರೆಕ್ಕೆ ಅಗಲ, ಹಿಂದಿನದು ಕಿರಿದು ಮತ್ತು ಎತ್ತರ, ಗೀರಿಲ್ಲದ ನುಣುಪು ಟೈರು. ಕಾರಿನ ಹಿಂಭಾಗದ ಅಡಿಯಲ್ಲಿ ಮೇಲಕ್ಕೆ ತೆರೆದುಕೊಳ್ಳುವ ಡಿಫ್ಯೂಸರ್ ಎಂಬ ಭಾಗವನ್ನು ಕುಗ್ಗಿಸಿದರು. ತಳದ ಗಾಳಿ ಅಲ್ಲಿ ಹಿಗ್ಗಿ ಹೊರಹೋಗುವಾಗ ಕಾರನ್ನು ನೆಲಕ್ಕೆ ಹೀರುತ್ತದೆ. ಆ ಹೀರುವಿಕೆ ಕಡಿಮೆಯಾದರೆ ತಿರುವಿನಲ್ಲಿ ವೇಗ ಕಡಿಮೆಯಾಗುತ್ತದೆ, ಹಿಂದಿನ ಕಾರಿಗೆ ಹತ್ತಿರ ಬರಲು ಸಾಧ್ಯವಾಗುತ್ತದೆ ಎಂಬುದು ಉದ್ದೇಶ. ಬ್ರಾನ್, ಟೊಯೋಟಾ, ವಿಲಿಯಮ್ಸ್ ಎಂಬ ಮೂರು ತಂಡಗಳು ಅದೇ ಕಲಮನ್ನು ಬೇರೆ ರೀತಿ ಓದಿ, ತಳದ ಎರಡು ಪದರಗಳ ನಡುವೆ ಗಾಳಿ ಹೋಗುವ ದಾರಿ ಬಿಟ್ಟು, ಡಿಫ್ಯೂಸರಿನ ಮೇಲೆ ಇನ್ನೊಂದು ಅಂತಸ್ತು ಕಟ್ಟಿದವು. ಉಳಿದವರು ಪ್ರತಿಭಟಿಸಿದರು. ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಅದು ಕ್ರಮಬದ್ಧ ಎಂದಿತು. ಅಷ್ಟರಲ್ಲಿ ಬ್ರಾನ್ ತಂಡದ ಜೆನ್ಸನ್ ಬಟನ್ ಓಟ ಕಿತ್ತಾಗಿತ್ತು. ಮೊದಲ ಏಳರಲ್ಲಿ ಆರು ರೇಸ್ ಗೆದ್ದರು.

ಈ ಕಥೆಯನ್ನು ಸಾಮಾನ್ಯವಾಗಿ ಜಾಣ ಓದಿನ ಗೆಲುವು ಎಂದು ಹೇಳುತ್ತಾರೆ. ಹಾಗಾದರೆ ಅದೇ ಸಂದು ಕಂಡಿದ್ದ ಟೊಯೋಟಾ ಆ ವರ್ಷ ಒಂದೂ ರೇಸ್ ಏಕೆ ಗೆಲ್ಲಲಿಲ್ಲ? ವಿಲಿಯಮ್ಸ್ ಮೊದಲ ಮೂರರೊಳಗೆ ಒಮ್ಮೆಯೂ ಏಕೆ ಬರಲಿಲ್ಲ? ಉತ್ತರ 2008ರಲ್ಲಿದೆ. ಬ್ರಾನ್ ಆಗ ಹೋಂಡಾ ತಂಡವಾಗಿತ್ತು. ಆ ವರ್ಷದ ಕಾರು ಉದ್ಧಾರವಾಗದು ಎಂದು ಬೇಗನೆ ಕೈಬಿಟ್ಟು, ದೊಡ್ಡ ಕಂಪನಿಯ ಹಣದಲ್ಲಿ ಮುಂದಿನ ನಿಯಮದ ಕಾರಿನ ಮೇಲೆ ತಿಂಗಳುಗಟ್ಟಲೆ ಕೆಲಸ ಮಾಡಿತ್ತು. ಡಿಸೆಂಬರಿನಲ್ಲಿ ಹೋಂಡಾ ಆಟ ಬಿಟ್ಟು ಹೋಯಿತು, ಆದರೆ ಆ ತಿಂಗಳುಗಳು ಕಾರಿನೊಳಗೆ ಉಳಿದವು. ಹಣ ನಿಂತ ಮೇಲೆ ಸುಧಾರಣೆಯೂ ನಿಂತಿತು, ಬಟನ್ ಮತ್ತೆ ಗೆಲ್ಲಲಿಲ್ಲ, ಮೊದಲರ್ಧದ ಗಂಟಿನ ಮೇಲೆಯೇ ಚಾಂಪಿಯನ್ ಆದರು. ಆ ವರ್ಷದ ನವೆಂಬರ್ 1ರಂದು ಯಾಸ್ ಮರೀನಾದಲ್ಲಿ ಮೊಟ್ಟಮೊದಲ ಬಾರಿ ನಡೆದ ಗ್ರ್ಯಾಂಡ್ ಪ್ರಿಯೇ ಬ್ರಾನ್ ತಂಡದ ಕೊನೆಯ ರೇಸ್. ಬಳಿಕ ಅದನ್ನು ಮರ್ಸಿಡಿಸ್ ಕೊಂಡಿತು.

ಅದೇ 2009ರಲ್ಲಿ ನಮ್ಮ ಸಿಲ್ವರ್‌ಸ್ಟೋನ್ ಕಾರ್ಖಾನೆಯೂ ಒಂದು ಬೆಳಕು ಕಂಡಿತು. ಮರ್ಸಿಡಿಸ್ ಎಂಜಿನ್, ಮೆಕ್ಲಾರೆನ್ ಗೇರ್‌ಬಾಕ್ಸ್ ಹೊರಗಿನಿಂದ ತಂದು, ಗಾಳಿಗೆ ಕಡಿಮೆ ಅಡ್ಡಿಯಾಗುವ ಕಾರು ಮಾಡಿದರು. ಆಗಸ್ಟಿನಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಜಿಯಾನ್‌ಕಾರ್ಲೊ ಫಿಸಿಕೆಲ್ಲಾ ಫೋರ್ಸ್ ಇಂಡಿಯಾಕ್ಕೆ ಮೊದಲ ಸಾಲಿನ ಮೊದಲ ಜಾಗ ಕೊಡಿಸಿದರು. ರೇಸಿನಲ್ಲಿ ಗೆದ್ದದ್ದು ಫೆರಾರಿಯ ಕಿಮಿ ರೈಕೊನೆನ್. ಬ್ರೇಕಿನ ಶಕ್ತಿಯನ್ನು ಕೂಡಿಟ್ಟು ಬೇಕಾದಾಗ ಬಿಡುವ ಕೆರ್ಸ್ ಯಂತ್ರ ಅವರ ಕಾರಿನಲ್ಲಿತ್ತು, ಕಾರುಗಳನ್ನು ನಿಧಾನವಾಗಿ ನಡೆಸುತ್ತಿದ್ದ ಸೇಫ್ಟಿ ಕಾರ್ ಒಳಗೆ ಹೋದ ಕೂಡಲೇ ಅದರ ಬಲದಿಂದ ಫಿಸಿಕೆಲ್ಲಾರನ್ನು ದಾಟಿದರು. ಕೆರ್ಸ್ ಹಾಕಲು ನಿಯಮ ಎಲ್ಲರಿಗೂ ಅನುಮತಿ ಕೊಟ್ಟಿತ್ತು, ಒತ್ತಾಯವಿರಲಿಲ್ಲ. ಹಾಕುವ ಶಕ್ತಿ ಇದ್ದವರು ಹಾಕಿದರು.

ನಿಯಮಕ್ಕೆ ತಕ್ಕ ತಯಾರಿ ಮೊದಲೇ ಆಗಿರಬೇಕೆಂಬುದನ್ನು ದಕ್ಷಿಣ ಕನ್ನಡದ ಕಂಬಳ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ನೇಗಿಲು, ಹಗ್ಗದ ವಿಭಾಗದಲ್ಲಿ ಕೋಣಗಳ ಓಟಕ್ಕೆ ಬೆಲೆ. ಕನೆಹಲಗೆಯಲ್ಲಿ ನೀರು ಎಷ್ಟು ಎತ್ತರಕ್ಕೆ ಚಿಮ್ಮಿ ಮೇಲೆ ಕಟ್ಟಿದ ನಿಶಾನೆಗೆ ತಾಗಿತು ಎನ್ನುವುದಕ್ಕೆ ಬೆಲೆ. ಅದೇ ಕರೆ, ಅಂದರೆ ಓಟದ ಗದ್ದೆ, ಅದೇ ಕೆಸರು. ಆದರೆ ಕೋಣ ಸಾಕುವ ಮನೆಯವರು ಯಾವ ಜೋಡಿಯನ್ನು ಯಾವ ವಿಭಾಗಕ್ಕೆ ಪಳಗಿಸಬೇಕೆಂದು ಬಹಳ ಮೊದಲೇ ನಿರ್ಧರಿಸಿರಬೇಕು. ಕರೆಗೆ ಇಳಿಸುವ ವಾರ ವಿಭಾಗ ಬದಲಿಸಿದರೆ ಸೋಲುವುದು ಕೋಣವೆನ್ನಬೇಕೋ, ಬದಲಿಸಿದವರ ತೀರ್ಮಾನವೆನ್ನಬೇಕೋ?

2014ರಲ್ಲಿ 1.6 ಲೀಟರ್ ವಿ6 ಟರ್ಬೊ ಎಂಜಿನ್ ಮತ್ತು ಅದರ ಜೊತೆ ವಿದ್ಯುತ್ ಶಕ್ತಿ ಬಂತು. ಗಂಟೆಗೆ 100 ಕಿಲೋಗಿಂತ ಹೆಚ್ಚು ಇಂಧನ ಹರಿಸುವಂತಿಲ್ಲ, ಇಡೀ ರೇಸಿಗೂ 100 ಕಿಲೋ. ಮರ್ಸಿಡಿಸ್ ಉಳಿದವರಿಗಿಂತ ಚೆನ್ನಾಗಿ ತಯಾರಾಗಿ ಬಂದಿತ್ತು. 19ರಲ್ಲಿ 16 ರೇಸ್ ಗೆದ್ದಿತು. ಅದಕ್ಕೆ ಅವರನ್ನು ದೂರಲಾಗದು. ದೂರಬೇಕಾದದ್ದು ಅದರ ಜೊತೆಗೆ ಬಂದ ಇನ್ನೊಂದು ಕಟ್ಟಳೆಯನ್ನು: ಖರ್ಚು ಉಳಿಸುವ ಹೆಸರಿನಲ್ಲಿ ಎಂಜಿನ್ ಸುಧಾರಣೆಗೆ ಟೋಕನ್ ಲೆಕ್ಕ. ವರ್ಷಕ್ಕೆ ಇಂತಿಷ್ಟು ಟೋಕನ್, ಅಷ್ಟರೊಳಗೇ ಬದಲಾವಣೆ. ಹಿಂದೆ ಬಿದ್ದವನಿಗೂ ಮುಂದೆ ಇದ್ದವನಿಗೂ ಒಂದೇ ಮಿತಿ ಹಾಕಿದರೆ ಅಂತರ ಹಾಗೇ ಹೆಪ್ಪುಗಟ್ಟುತ್ತದೆ. ಸಮಾನತೆ ಎಂದು ಬರೆದ ಕಲಮು ಅಸಮಾನತೆಯನ್ನು ಕಾಯುವ ಬೇಲಿಯಾಯಿತು. ಟೋಕನ್ 2017ರಲ್ಲಿ ಹೋಯಿತು, ಮರ್ಸಿಡಿಸ್ ಮಾತ್ರ 2021ರವರೆಗೆ ಸತತ ಎಂಟು ಬಾರಿ ತಂಡಗಳ ಪ್ರಶಸ್ತಿ ಒಯ್ದಿತು.

ಫೋರ್ಸ್ ಇಂಡಿಯಾಕ್ಕೆ ಇದೇ ಕಾಲ ಸುಗ್ಗಿ. ಅದೇ ಮರ್ಸಿಡಿಸ್ ಎಂಜಿನ್ ಅದರ ಕಾರಿನಲ್ಲೂ ಇತ್ತು. ಕಡಿಮೆ ಹಣದಲ್ಲಿ ಚೊಕ್ಕವಾಗಿ ಕೆಲಸ ಮಾಡಿ 2015ರಲ್ಲಿ ಐದನೆಯದು, 2016 ಮತ್ತು 2017ರಲ್ಲಿ ನಾಲ್ಕನೆಯದು. ಹೆಮ್ಮೆಪಡುವ ಸಾಧನೆಯೇ. ಆದರೆ 2017ರ ಪಟ್ಟಿ ಬಿಚ್ಚಿ ನೋಡಿ: ನಾಲ್ಕನೆಯವರಾದ ಫೋರ್ಸ್ ಇಂಡಿಯಾಕ್ಕೆ 187 ಅಂಕ, ಮೂರನೆಯವರಾದ ರೆಡ್‌ಬುಲ್‌ಗೆ 368. ಜಾಣತನ ನಾಲ್ಕನೇ ಮೆಟ್ಟಿಲವರೆಗೆ ಕರೆದೊಯ್ದಿತು, ಮುಂದಿನ ಮೆಟ್ಟಿಲು ಹಣದ್ದಾಗಿತ್ತು.

ನನ್ನ ವಾದಕ್ಕೆ ಅತಿ ಗಟ್ಟಿ ಸಾಕ್ಷಿ 2021. ಹಿಂದಿನ ವರ್ಷ ಬ್ರಿಟಿಷ್ ರೇಸಿನ ಕೊನೆಯ ಸುತ್ತುಗಳಲ್ಲಿ ಟೈರುಗಳು ಒಡೆದಿದ್ದವು, ಕೊರೊನಾದಿಂದಾಗಿ ಹಳೆಯ ಕಾರುಗಳನ್ನೇ ಇನ್ನೊಂದು ವರ್ಷ ಓಡಿಸಬೇಕಿತ್ತು. ಟೈರಿನ ಮೇಲಿನ ಒತ್ತಡ ತಗ್ಗಲೆಂದು ಕಾರಿನ ತಳವನ್ನು ಹಿಂದಿನ ಚಕ್ರದ ಮುಂದೆ ಓರೆಯಾಗಿ ಕತ್ತರಿಸುವ ನಿಯಮ ಬಂತು. ಎಲ್ಲರಿಗೂ ಅದೇ ಕತ್ತರಿ. ರೆಡ್‌ಬುಲ್‌ನಂಥ ಕಾರುಗಳು ಹಿಂಭಾಗ ಎತ್ತಿಕೊಂಡು ಓಡುತ್ತಿದ್ದವು, ಅವುಗಳಿಗೆ ನಷ್ಟ ಕಡಿಮೆ. ಮರ್ಸಿಡಿಸ್ ಮತ್ತು ಆಸ್ಟನ್ ಮಾರ್ಟಿನ್ ಕಾರುಗಳು ತಳವನ್ನು ಹೆಚ್ಚುಕಡಿಮೆ ನೆಲಕ್ಕೆ ಸಮಾಂತರವಾಗಿ ಇಟ್ಟುಕೊಂಡಿದ್ದವು, ಆ ಉದ್ದ ತಳವೇ ಅವುಗಳ ಬಂಡವಾಳ, ಪೆಟ್ಟು ಅಲ್ಲಿಗೇ ಬಿತ್ತು. ಆಸ್ಟನ್ ಮುಖ್ಯಸ್ಥರು ಬಹಿರಂಗವಾಗಿಯೇ ಗೊಣಗಿದರು. ಎರಡೂ ಕಾರುಗಳದ್ದು ಒಂದೇ ತತ್ವ, ಪೆಟ್ಟೂ ಒಂದೇ, ಮುಂದೆ ಏನಾಯಿತು? ಮರ್ಸಿಡಿಸ್ ವರ್ಷದುದ್ದಕ್ಕೂ ತಿದ್ದಿ ತಿದ್ದಿ ತಂಡಗಳ ಪ್ರಶಸ್ತಿ ಉಳಿಸಿಕೊಂಡಿತು. ಆಸ್ಟನ್ ಮಾರ್ಟಿನ್ ನಾಲ್ಕರಿಂದ ಏಳಕ್ಕೆ ಜಾರಿತು.  

ಸುರಕ್ಷತೆಗಾಗಿ ಬಂದ ನಿಯಮವನ್ನು ಟೀಕಿಸಬಹುದೇ ಎಂದು ಯಾರಾದರೂ ಕೇಳಿಯಾರು. ಪ್ರಾಣದ ಪ್ರಶ್ನೆಯಲ್ಲಿ ಚೌಕಾಸಿ ಇಲ್ಲ. 2018ರಲ್ಲಿ ಚಾಲಕನ ತಲೆ ಕಾಯುವ ಹೇಲೋ ಎಂಬ ಟೈಟಾನಿಯಂ ಕಮಾನು ಬಂದಾಗ ಅಂದಗೆಟ್ಟಿತು ಎಂದು ಗೋಳಾಡಿದವರು, 2020ರ ನವೆಂಬರ್ 29ರಂದು ಬಹ್ರೇನಿನಲ್ಲಿ ರೋಮನ್ ಗ್ರೋಜಾನ್ ಬೆಂಕಿಯ ನಡುವಿನಿಂದ ಎದ್ದು ಬಂದ ಮೇಲೆ ಬಾಯಿ ಮುಚ್ಚಿದರು. 1994ರಲ್ಲಿ ಇಮೋಲಾದಲ್ಲಿ ಐರ್ಟನ್ ಸೆನ್ನಾ ತೀರಿಕೊಂಡ ಬಳಿಕ ಕಾರಿನ ಅಡಿಗೆ ಒಂದು ಹಲಗೆ ಕಡ್ಡಾಯವಾಯಿತು. ದಪ್ಪ 10 ಮಿಲಿಮೀಟರ್, ರೇಸಿನ ಕೊನೆಗೆ ಸವೆದು 9ಕ್ಕಿಂತ ಕೆಳಗೆ ಹೋಗಬಾರದು. ಕಾರನ್ನು ನೆಲಕ್ಕೆ ತೀರ ತಗ್ಗಿಸಿ ವೇಗ ಗಳಿಸುವವರನ್ನು ಈ ಹಲಗೆ ತಡೆಯುತ್ತದೆ. 2025ರ ನವೆಂಬರಿನಲ್ಲಿ ಲಾಸ್ ವೇಗಾಸ್ ರೇಸ್ ಮುಗಿದ ಮೇಲೆ ಅಳೆದಾಗ ಮೆಕ್ಲಾರೆನ್ನಿನ ಎರಡೂ ಕಾರುಗಳಲ್ಲಿ ಅದು ಕೂದಲೆಳೆಯಷ್ಟು ಕಡಿಮೆ ಬಂತು. ಇಬ್ಬರೂ ಅನರ್ಹ. ಎರಡನೆಯವರಾಗಿ ಬಂದಿದ್ದ ಲ್ಯಾಂಡೊ ನಾರಿಸ್ 18 ಅಂಕ ಕಳೆದುಕೊಂಡರು. ಡಿಸೆಂಬರ್ 7ರಂದು ಯಾಸ್ ಮರೀನಾದಲ್ಲಿ ಅವರು ಮೂರನೆಯವರಾಗಿ ಬಂದು ಚಾಂಪಿಯನ್ ಆದದ್ದು ಎರಡೇ ಎರಡು ಅಂಕಗಳಲ್ಲಿ. ಇಂಥ ನಿಯಮದ ಮೇಲೆ ನನ್ನ ತಕರಾರಿಲ್ಲ: ಮೂವತ್ತು ವರ್ಷದಿಂದ ಎಲ್ಲರಿಗೂ ಗೊತ್ತು, ಅಳತೆ ಒಂದೇ, ಮೀರಿದವನು ಹೊರಗೆ. ನನ್ನ ತಕರಾರು ಅವಸರದ ನಿಯಮದ ಮೇಲೆ. 2021ಕ್ಕೆ ಪಿರೆಲ್ಲಿ ಇನ್ನೂ ಗಟ್ಟಿಯಾದ ಟೈರುಗಳನ್ನೂ ತಂದಿತ್ತು. ಹಾಗಿರುವಾಗ ಅಷ್ಟು ಕಡಿಮೆ ಅವಧಿಯಲ್ಲಿ ತಳವನ್ನೂ ಕತ್ತರಿಸುವುದು ಎಷ್ಟು ಅಗತ್ಯವಿತ್ತು ಎಂದು ಕೇಳುವ ಹಕ್ಕು ಇದ್ದೇ ಇದೆ.

ಇನ್ನು ಸಮಯ ಮತ್ತು ಹಣದ ಕಲಮುಗಳು. 2021ರಿಂದ ತಂಡದ ವಾರ್ಷಿಕ ಖರ್ಚಿಗೆ 14.5 ಕೋಟಿ ಡಾಲರ್ ಮಿತಿ ಬಂತು, ಬಳಿಕ ಅದನ್ನು ಇನ್ನಷ್ಟು ಇಳಿಸುವ ಯೋಜನೆಯಿತ್ತು. ಚಾಲಕರ ಸಂಬಳದಂಥ ಕೆಲವು ಬಾಬ್ತು ಇದರ ಹೊರಗೆ. ಜೊತೆಗೆ ವಿಂಡ್ ಟನಲ್‌ನಲ್ಲಿ ಮಾದರಿ ಇಟ್ಟು ಗಾಳಿ ಹಾಯಿಸಿ ನೋಡುವ ಅವಧಿಗೂ ಪಡಿತರ. 2022ರಿಂದ ಹಿಂದಿನ ಸಾಲಿನ ಮೊದಲ ತಂಡಕ್ಕೆ ನಿಗದಿತ ಪ್ರಮಾಣದ ಶೇ. 70, ಹತ್ತನೆಯದಕ್ಕೆ ಶೇ. 115, ನಡುವೆ ಐದೈದರ ಮೆಟ್ಟಿಲು. ಗೆದ್ದವನಿಗೆ ಕಡಿಮೆ, ಸೋತವನಿಗೆ ಹೆಚ್ಚು. ಟೋಕನ್ ಕಟ್ಟಳೆಗೆ ಇದು ನೇರ ವಿರುದ್ಧ ಮುಖ. ಏಳನೆಯದಾಗಿದ್ದ ಆಸ್ಟನ್ ಮಾರ್ಟಿನ್‌ಗೆ 2023ರ ಆರಂಭದಲ್ಲಿ ಪೂರ್ತಿ ಶೇ. 100 ಸಿಕ್ಕಿತು. ಆ ವರ್ಷ ಫರ್ನಾಂಡೊ ಅಲೊನ್ಸೊ ಮೊದಲ ರೇಸಿನಲ್ಲೇ ಪೋಡಿಯಂ ಏರಿದರು, ವರ್ಷದಲ್ಲಿ ಎಂಟು ಬಾರಿ ಏರಿದರು.

ಎದುರು ಸಾಕ್ಷಿಯನ್ನೂ ಹೇಳಬೇಕು. 2021ರ ಖರ್ಚಿನ ಮಿತಿಯನ್ನು ಶೇ. 1.6ರಷ್ಟು ಮೀರಿದ್ದಕ್ಕೆ ರೆಡ್‌ಬುಲ್‌ಗೆ 70 ಲಕ್ಷ ಡಾಲರ್ ದಂಡ, ವಿಂಡ್ ಟನಲ್ ಅವಧಿಯಲ್ಲಿ ಶೇ. 10 ಕಡಿತ ಆಗಿತ್ತು. ಅಂದರೆ 2023ರಲ್ಲಿ ಎಲ್ಲರಿಗಿಂತ ಕಡಿಮೆ ಸಮಯ ಅವರಿಗೇ. ಆದರೂ 22ರಲ್ಲಿ 21 ರೇಸ್ ಗೆದ್ದರು! ಅತ್ತ ಆಸ್ಟನ್ ಮಾರ್ಟಿನ್ ವರ್ಷದ ನಡುವೆ ಕಾರು ಸುಧಾರಿಸಲು ಹೋಗಿ ಹಿಂದೆ ಬಿತ್ತು, ಹೊಸ ಕಾರ್ಖಾನೆ ಕಟ್ಟಿತು, ಸ್ವಂತ ವಿಂಡ್ ಟನಲ್ ಮಾಡಿಕೊಂಡಿತು, 2025ರಲ್ಲಿ ಮತ್ತೆ ಏಳನೆಯದು. ನಿಯಮ ಸಮಯ ಕೊಡಬಲ್ಲದು, ಕಾರನ್ನು ಅರ್ಥಮಾಡಿಕೊಳ್ಳುವ ಕೆಲಸ ತಂಡದ್ದೇ. ಆದರೆ ಒಂದೆರಡು ವರ್ಷ ತಾಳಿ ನೋಡಿದರೆ ಪಡಿತರದ ಫಲ ಕಾಣುತ್ತದೆ. 2022ರಲ್ಲಿ ಐದನೆಯದಾಗಿದ್ದ ಮೆಕ್ಲಾರೆನ್ 2023ರಲ್ಲಿ ನಾಲ್ಕಕ್ಕೆ ಬಂತು, 2024ರ ಡಿಸೆಂಬರ್ 8ರಂದು ಯಾಸ್ ಮರೀನಾದಲ್ಲೇ ಫೆರಾರಿಯನ್ನು 14 ಅಂಕಗಳಿಂದ ಹಿಂದಿಕ್ಕಿ ತಂಡಗಳ ಪ್ರಶಸ್ತಿ ಗೆದ್ದಿತು, 1998ರ ಬಳಿಕ ಮೊದಲ ಸಲ. ಆ ಏರಿಕೆ ಒಂದೇ ನಿಯಮ ಪುಸ್ತಕದ ಅವಧಿಯೊಳಗೆ ನಡೆಯಿತು ಎನ್ನುವುದು ಮುಖ್ಯ. ಪುಸ್ತಕ ಸ್ಥಿರವಾಗಿದ್ದಷ್ಟು ದಿನ ಹಿಂದಿದ್ದವರು ಮುಂದಿದ್ದವರ ಉತ್ತರ ನೋಡಿ ಕಲಿಯುತ್ತಾರೆ, ಅಂತರ ಸವೆಯುತ್ತದೆ.

ಹೀಗೆ ಅಂತರ ಸವೆದು ರೇಸ್ ರುಚಿಯಾಗುತ್ತಿರುವ ಹೊತ್ತಿಗೇ ಪುಸ್ತಕ ಹರಿದು ಹೊಸದು ಬರೆಯುವುದು ಈ ಆಟದ ಹಳೆಯ ಚಾಳಿ. 2026ರ ನಿಯಮದಲ್ಲಿ ಕಾರು ಚಿಕ್ಕದು, ಕನಿಷ್ಠ ತೂಕ 800 ಕಿಲೋದಿಂದ 768ಕ್ಕೆ, ವಿದ್ಯುತ್ ಮೋಟಾರಿನ ಬಲ 120 ಕಿಲೋವ್ಯಾಟ್‌ನಿಂದ 350ಕ್ಕೆ, ಓಡುವಾಗ ಆಕಾರ ಬದಲಿಸುವ ರೆಕ್ಕೆಗಳು, ಪೆಟ್ರೋಲಿಯಂ ಮೂಲದ್ದಲ್ಲದ ಇಂಧನ. ಆಸ್ಟನ್ ಮಾರ್ಟಿನ್‌ಗೆ ಹೋಂಡಾ ಎಂಜಿನ್, ವಿನ್ಯಾಸಕ್ಕೆ ಏಡ್ರಿಯನ್ ನ್ಯೂಯಿ. ಹಿಂದಿನ ಪಾಠ ಕಲಿತ ಗುರುತೂ ಈ ಪುಸ್ತಕದಲ್ಲಿದೆ: 2025ರ ಜನವರಿ 1ಕ್ಕೆ ಮೊದಲು ಯಾರೂ 2026ರ ಕಾರನ್ನು ವಿಂಡ್ ಟನಲ್‌ಗೆ ಹಾಕುವಂತಿರಲಿಲ್ಲ, ಎಂಜಿನ್ನಿನಲ್ಲಿ ತೀರ ಹಿಂದೆ ಬಿದ್ದ ತಯಾರಕರಿಗೆ ಸುಧಾರಣೆಗೆ ಹೆಚ್ಚುವರಿ ಅವಕಾಶ. 2008ರ ಹೋಂಡಾದಂತೆ ಮುಂದಿನ ನಿಯಮದ ಕಾರನ್ನು ಬೇರೆಯವರಿಗಿಂತ ಬಹಳ ಮೊದಲೇ ಶುರುಮಾಡುವುದಕ್ಕೆ ಮೊದಲನೆಯದು ಅಡ್ಡಗಾಲು, 2014ರ ಹೆಪ್ಪುಗಟ್ಟುವಿಕೆಗೆ ಎರಡನೆಯದು ಮದ್ದು. ರೆಕ್ಕೆ, ಮೋಟಾರುಗಳಿಗಿಂತ ಈ ಎರಡು ಸಾಲುಗಳೇ ನನಗೆ ಹೆಚ್ಚು ದೊಡ್ಡದಾಗಿ ಕಾಣುತ್ತವೆ.

ಎಂಜಿನಿಯರುಗಳ ಕೈ ಕಟ್ಟಬೇಡಿ, ನಿಯಮ ಕಿತ್ತೊಗೆಯಿರಿ ಎನ್ನುವವರೂ ಇದ್ದಾರೆ. ಅವರಿಗೆ ಫೋರ್ಸ್ ಇಂಡಿಯಾದ 187 ಮತ್ತು 368 ಸಾಕು. ಮಿತಿ ಇಲ್ಲದ ಕಡೆ ಸಣ್ಣ ತಂಡದ ಜಾಣತನಕ್ಕೆ ನಾಲ್ಕನೇ ಸ್ಥಾನವೇ ಸ್ವರ್ಗ.

ನಿಯಮ ಬರೆಯುವ ಎಫ್‌ಐಎ ಸಂಸ್ಥೆಗೆ 2021ರ ಡಿಸೆಂಬರಿನಿಂದ ಅಧ್ಯಕ್ಷರಾಗಿರುವವರು ದುಬೈನವರೇ, ಹಿಂದೆ ಹದಿನಾಲ್ಕು ಬಾರಿ ಮಧ್ಯಪ್ರಾಚ್ಯ ರ‍್ಯಾಲಿ ಚಾಂಪಿಯನ್ ಆಗಿದ್ದ ಮೊಹಮ್ಮದ್ ಬಿನ್ ಸುಲಾಯಂ. ಅವರ ಕಾಲದಲ್ಲಿ ಖರ್ಚಿನ ಮಿತಿಯ ಪರಿಶೀಲನೆ ವರ್ಷವರ್ಷವೂ ನಡೆಯುತ್ತಿದೆ. ಆದರೆ ಹೊರಬರುವುದು ತಂಡಗಳು ಮಿತಿಯೊಳಗಿವೆ ಎಂಬ ಒಂದು ಪ್ರಕಟಣೆ ಮಾತ್ರ, ಯಾರಾದರೂ ಸಿಕ್ಕಿಬಿದ್ದಾಗಷ್ಟೇ ಅಂಕಿ ಕಾಣುತ್ತದೆ. ಕಾರಿನ ಅಡಿಯ ಹಲಗೆಯನ್ನು ಮಿಲಿಮೀಟರಿನ ನೂರನೇ ಭಾಗದವರೆಗೆ ಅಳೆದು ಸಾರುವ ಸಂಸ್ಥೆ, ಆ ಹಲಗೆಗಿಂತ ಹೆಚ್ಚಾಗಿ ಫಲಿತಾಂಶ ತಿದ್ದುವ ಖರ್ಚಿನ ಲೆಕ್ಕವನ್ನು ಕಪಾಟಿನಲ್ಲಿಡಬಾರದು. ಪ್ರತಿ ತಂಡ ಎಷ್ಟು ಖರ್ಚು ಮಾಡಿತು, ಎಷ್ಟು ಗಂಟೆ ವಿಂಡ್ ಟನಲ್ ಬಳಸಿತು ಎಂಬುದನ್ನು ಅಂಕಪಟ್ಟಿಯ ಪಕ್ಕದಲ್ಲೇ ಪ್ರತಿ ವರ್ಷ ಪ್ರಕಟಿಸಲಿ.